ಅತ್ತೆಗೆ ದಾಟಿಸಿದ ಡಬ್ಬಿ

ಬೆಣ್ಣೆ ಕಾಸಿ ಕೊನೆಗೆ ವೀಳ್ಯದೆಲೆ ಹಾಕಿದಾಗ ಏಳುವ ಘಮ ಮೂಗಿಗೆ ಬಡಿದರೆ ನನಗೆ ಈಗಲೂ ಹಾಸನದ ಅತ್ತೆಯ ಮುಖವೇ ಕಣ್ಣ ಮುಂದೆ ಬರುತ್ತದೆ.

ಅವರು ಅಪ್ಪನ ತಂಗಿ. ಹಿಂದಿನ ಸಲ ಅವ್ವ ಹಿರೀಸಾವೆಯಿಂದ ಬಸ್ಸಿನಲ್ಲಿ ಹೊತ್ತೊಯ್ದ ಬೆಣ್ಣೆಯನ್ನು ನೆಂಟರೆದುರೇ ಮೂಸಿ, "ಥೂ, ಕಮಟು ಅತ್ಗೆ! ನಾಯಿನೂ ಮೂಸಲ್ಲ," ಎಂದು ಚರಂಡಿಗೆ ಸುರಿದಿದ್ದರು. ಅವ್ವ ಖಾಲಿ ಡಬ್ಬಿ ತೊಳೆದುಕೊಂಡು ಬಂದಿದ್ದಳು.

ಈ ಸಲವೂ ಬೆಣ್ಣೆಯುಂಡೆಯನ್ನು ಎಂದಿನಂತೆ ಮಜ್ಜಿಗೆಯಲ್ಲಿ ಮುಳುಗಿಸಿ, ಜೊತೆಗೆ ಡಬ್ಬಿಗೆ ಒದ್ದೆ ಬಟ್ಟೆಯನ್ನೂ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. "ಮಜ್ಜಿಗೆ ಇರಗಂಟ ಬೆಣ್ಣೆ ಕೆಡಕಿಲ್ಲ ಕಣ್ ಮಗ. ಓದ್ಸಲ ಅದೆಂಗೆ ಕೆಡ್ತೋ," ಎಂದಳು. ಶಾಂತಿಗ್ರಾಮದಲ್ಲಿ ಬಸ್ಸು ನಿಂತಾಗ ಬಟ್ಟೆಗೆ ಮತ್ತೆ ನೀರು ಚಿಮುಕಿಸಿದಳು. ದಾರಿಯುದ್ದಕ್ಕೂ ರೆಪ್ಪೆ ಮುಚ್ಚಲಿಲ್ಲ.

ಹಾಸನದಲ್ಲಿಳಿದವಳು ಅತ್ತೆಯ ಮನೆ ದಾಟಿ ಪಕ್ಕದ ಮೇಷ್ಟ್ರ ಮನೆಗೆ ನಡೆದಳು. ಕಲ್ಲಿನಂತೆ ಗಟ್ಟಿಯಾಗಿದ್ದ ಬೆಣ್ಣೆಯನ್ನು ಮೇಷ್ಟ್ರ ಹೆಂಡತಿಗೆ ಕೊಟ್ಟು, "ಈಗ್ಲೇ ಕಾಸವ್ವ. ಆ ಕಿಟಕಿ ಒಸಿ ತೆಗಿ," ಎಂದಳು. ಎಲೆ ಬಿದ್ದ ತುಪ್ಪದ ಘಮ ನೇರ ಅತ್ತೆಯ ಅಡುಗೆಮನೆ ಹೊಕ್ಕಿತು. ಅತ್ತೆ ಕಾಂಪೌಂಡಿಗೆ ಬಂದರು.

"ನಮಗಿಲ್ವಾ ಅತ್ಗೆ?"

"ಇಲ್ದೆ ಏನವ್ವ, ತಗೋ." ಅವ್ವ ಬರೀ ಮಜ್ಜಿಗೆ ಉಳಿದಿದ್ದ ಡಬ್ಬಿಯನ್ನು ಗೋಡೆಯ ಮೇಲಿಂದ ದಾಟಿಸಿದಳು. "ಮೂಸ್ ನೋಡು. ಕಮಟಾಗಿದ್ರೆ ಚರಂಡಿ ಅಲ್ಲೇ ಅದೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಒಬ್ಬಳೇ ನಗುತ್ತಿದ್ದಳು. ನಾನೂ ನಕ್ಕೆ. ಹಿಂದಿನ ಸಲ ಹಾಸನಕ್ಕೆ ಹೋಗುವಾಗ ಅವಳು ತೂಕಡಿಸುತ್ತಿದ್ದಾಗ ಬಾಯಾರಿ ಆ ಡಬ್ಬಿಯ ಮಜ್ಜಿಗೆಯನ್ನೆಲ್ಲ ಕುಡಿದು ಮುಗಿಸಿದವಳು ನಾನೇ ಎಂದು ಹೇಳಲಿಲ್ಲ.