ಗುಬ್ಬಿ ಕಡೆಯವರು

ಅಪ್ಪ ಬಕೆಟ್ಟಿನಲ್ಲಿ ಬಿಳಿ ಬಣ್ಣ ಕಲಸುತ್ತಿದ್ದ. ಚಿಕ್ಕವಳು ರಸ್ತೆಯ ದೂಳು ಗುಡಿಸುತ್ತಿದ್ದಳು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಇಬ್ಬರೂ ಹೇಳುವುದನ್ನೆಲ್ಲ ಹಿಂದಿನ ಮೂರು ಬೆಟ್ಟಗಳಲ್ಲೇ ಹೇಳಿ ಮುಗಿಸಿದ್ದರು.

ಇಪ್ಪತ್ತೊಂದು ದಿನದ ಸೈಕಲ್ ರೇಸು, ದಿನಕ್ಕೊಂದು ಹಂತ. ಅದರಲ್ಲಿ ಬೆಟ್ಟ ಹತ್ತುವ ಹಂತಗಳು ನಾಲ್ಕೇ. ಮೊದಲ ಬೆಟ್ಟದಲ್ಲಿ ರಸ್ತೆಯ ಮೇಲೆ ಬರೆದ ಬಣ್ಣ ಆರುವ ಮೊದಲೇ ಮಳೆ ತೊಳೆದುಕೊಂಡು ಹೋಯಿತು. ಎರಡನೆಯದರಲ್ಲಿ ಮೋಡ ಕವಿದು ಟಿವಿಯವರ ಹೆಲಿಕಾಪ್ಟರ್ ಮೇಲೇಳಲೇ ಇಲ್ಲ. ಮೂರನೆಯದರಲ್ಲಿ ರಸ್ತೆ ಉಸ್ತುವಾರಿಯವರು ಬಂದು, ಹೆಸರನ್ನು ಉಳಿಸಿ, ಕೆಳಗಿನ ಸಾಲಿಗೆ ಕಪ್ಪು ಬಳಿದು ಹೋದರು. ಅಭಿಮಾನಿಗಳು ರಸ್ತೆಯಲ್ಲಿ ಸವಾರರ ಹೆಸರು ಬರೆದರೆ ಬಿಡುತ್ತಾರೆ, ಬೇರೇನು ಬರೆದರೂ ಅಳಿಸುತ್ತಾರೆ ಎಂಬುದು ಅಪ್ಪನಿಗೆ ಗೊತ್ತಾದದ್ದು ಆಗಲೇ.

ಇದು ನಾಲ್ಕನೆಯದು. ಇವತ್ತು ಟಿವಿಯಲ್ಲಿ ಬರದಿದ್ದರೆ ಇನ್ನು ಒಂದು ವರ್ಷ ಕಾಯಬೇಕು.

ಅಪ್ಪ ಮನೆಗಳ ಗೋಡೆಗೆ ಬಣ್ಣ ಹೊಡೆಯುವವನು. ರೋಲರನ್ನು ಉದ್ದನೆಯ ಕೋಲಿಗೆ ಸಿಕ್ಕಿಸಿ, ತಿರುವಿನ ಅಗಲವಾದ ಜಾಗದಲ್ಲಿ ಆಳೆತ್ತರದ ಅಕ್ಷರಗಳನ್ನು ಎಳೆದ: ಗುಬ್ಬಿ. ಅದರ ಕೆಳಗೆ, ರಸ್ತೆಯ ಅಂಚಿಗೆ, ಇನ್ನೊಂದು ಸಾಲು. ಅದು ಪೂರ್ತಿ ಆರಿದ ಕೂಡಲೇ ಅದರ ಮೇಲೆ ಕೆಲಸದ ಹಳೆಯ ಬಟ್ಟೆ ಹಾಸಿ ಮೂಲೆಗಳಿಗೆ ಕಲ್ಲಿಟ್ಟ.

ಹತ್ತು ಗಂಟೆಗೆ ಜನ ಬರತೊಡಗಿದರು. ಮಡಚುವ ಕುರ್ಚಿ ಹೊತ್ತ ದಪ್ಪನೆಯವರೊಬ್ಬರು ಸೀದಾ ಬಟ್ಟೆಯ ಮೇಲೇ ಕುರ್ಚಿ ಬಿಡಿಸಿ, ಹೊಟ್ಟೆಯ ಮೇಲೆ ಫೋನ್ ನಿಲ್ಲಿಸಿ, ರೇಸಿನ ನೇರಪ್ರಸಾರ ಹಚ್ಚಿದರು.

"ಯಾರ ಕಡೆ ನೀವು?"

"ಗುಬ್ಬಿ ಕಡೆ," ಅಂದ ಅಪ್ಪ.

"ಯಾರು, ಆ ನಲವತ್ತೇಳು ನಂಬರಿನ ಪೀಚು ಹುಡುಗನಾ?"

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ನೋಡೋಕೆ ಪೀಚು. ಹಟ ಮಾತ್ರ ಈ ಬೆಟ್ಟದಷ್ಟಿದೆ."

"ಮೊದಲಿಂದ ಬೆಂಬಲನಾ?"

"ಮೊದಲು ಇರ್ಲಿಲ್ಲ. ಅಲ್ಲೇ ತಪ್ಪು ಮಾಡ್ದೆ."

"ಈಗ ಬಂದ್ರಲ್ಲ, ಬಿಡಿ. ನೀವೂ ಸೈಕಲ್ ಹೊಡೀತೀರೇನು?"

"ನಂಗೆ ಬರಲ್ಲ. ಮನೇಲಿ ಒಂದಿತ್ತು. ನಾನೇ ಮಾರಿಬಿಟ್ಟೆ."

ಚಿಕ್ಕವಳು ಎದ್ದು ಹೋಗಿ, ಆಗಲೇ ತೊಳೆದಿದ್ದ ಬ್ರಷ್ಷನ್ನು ಮತ್ತೆ ತೊಳೆದಳು.

ಕುರ್ಚಿಯವರು ಕತ್ತು ಓರೆ ಮಾಡಿ ರಸ್ತೆ ನೋಡಿದರು. "ಅಲ್ಲ ಯಜಮಾನ್ರೇ, ಕೆಳಗಿಂದ ಹತ್ತಿ ಬರೋರಿಗೆ ನಿಮ್ಮ ಗುಬ್ಬಿ ತಲೆಕೆಳಗಾಗಿ ಕಾಣತ್ತಲ್ಲ."

"ಕಾಣ್ಲಿ."

"ಓದೋಕೇ ಆಗ್ದಿದ್ರೆ ಬರೆದು ಏನು ಬಂತು?"

"ಓದೋರು ಓದ್ತಾರೆ."

ಕುರ್ಚಿಯವರಿಗೆ ನಗು ಬಂತು. "ನನಗಿಂತ ಹುಚ್ಚರು ನೀವು. ಈ ರೇಸಿನ ರುಚಿ ಒಂದು ಸಲ ಹತ್ತಿದ್ರೆ ಮುಗೀತು ನೋಡಿ. ಎಲ್ಲೇ ಇರಲಿ, ಏನೇ ಆಗಲಿ, ಬೆಟ್ಟದ ದಿನ ಟಿವಿ ಮುಂದೆ ಕೂತೇ ಕೂರ್ತಾರೆ."

"ಅದನ್ನೇ ನಂಬ್ಕೊಂಡು ಬಂದಿದೀನಿ," ಅಂದ ಅಪ್ಪ.

ಮಧ್ಯಾಹ್ನ ದಾಟಿತು. ಬಟ್ಟೆಯ ಮೇಲೆ ಈಗ ಮೂವತ್ತು ಜನ. ಅಪ್ಪ ನಾಲ್ಕು ಸಲ ಆಕಾಶ ನೋಡಿದ. ಒಂದು ಸಲವೂ ಕೆಳಗಿನ ರಸ್ತೆ ನೋಡಲಿಲ್ಲ.

"ನಲವತ್ತೇಳು ಒಬ್ಬನೇ ಮುಂದೆ ಬಂದಿದಾನೆ," ಕುರ್ಚಿಯವರು ಎದ್ದು ನಿಂತರು. ಜನ ಬಾಯಿಂದ ಬಾಯಿಗೆ ಸುದ್ದಿ ದಾಟಿಸಿದರು. ರಸ್ತೆಯ ಮೇಲಿನ ಹೆಸರು ಕಣ್ಣೆದುರೇ ಇತ್ತು. ಯಾರೋ ಗುಬ್ಬಿ, ಗುಬ್ಬಿ ಎಂದು ಶುರು ಮಾಡಿದರು. ಬೆಟ್ಟವೆಲ್ಲ ಕೂಗಿತು. ಆ ಹೆಸರು ಅಷ್ಟು ಜನರ ಬಾಯಲ್ಲಿ ಬಂದದ್ದನ್ನು ಅಪ್ಪ ಎಂದೂ ಕೇಳಿರಲಿಲ್ಲ.

ಹೆಲಿಕಾಪ್ಟರಿನ ಸದ್ದು.

"ಏಳಿ," ಎಂದ ಅಪ್ಪ. "ದಯವಿಟ್ಟು, ಬಟ್ಟೆ ಬಿಟ್ಟು ಏಳಿ." ಯಾರಿಗೂ ಕೇಳಿಸಲಿಲ್ಲ. ಅಪ್ಪ ಬಟ್ಟೆಯ ತುದಿ ಹಿಡಿದು ಎಳೆದ. ಮೂವತ್ತು ಜನರ ಭಾರ. ಗೇಣು ದೂರವೂ ಜರುಗಲಿಲ್ಲ.

ಚಿಕ್ಕವಳು ಅಂಗಡಿಯಲ್ಲೂ ಮಾತಾಡಲು ಅಂಜಿ ಬೆರಳು ತೋರಿಸಿಯೇ ಸಾಮಾನು ಕೊಳ್ಳುವವಳು. ಅವಳು ಜನರ ನಡುವೆ ನುಗ್ಗಿ, ಎದೆ ಬಿರಿಯುವಂತೆ ಕೂಗಿದಳು: "ಕೆಳಗೆ ಹಸಿ ಬಣ್ಣ ಇದೆ. ನಿಮ್ಮ ಬಟ್ಟೆಗೆಲ್ಲ ಮೆತ್ಕೊಳ್ಳತ್ತೆ. ತೊಳೆದ್ರೂ ಹೋಗಲ್ಲ."

ಕ್ಷಣದಲ್ಲಿ ಜಾಗ ಖಾಲಿಯಾಯಿತು. ಕುರ್ಚಿಯವರು ಕುರ್ಚಿಯ ಸಮೇತ ಹಾರಿದರು. ಅಪ್ಪ ಬಟ್ಟೆಯನ್ನು ಸರ್ರನೆ ಎಳೆದ. ಇಬ್ಬರೂ ಆ ಸಾಲಿನ ಎರಡೂ ತುದಿಗೆ ನಿಂತು, ಕೈ ಚಾಚಿ ಜನರನ್ನು ತಡೆದರು.

ಹೆಲಿಕಾಪ್ಟರ್ ಸವಾರನಿಗಿಂತ ಮುಂದೆ ಹಾರಿಬಂತು, ಹಿಂದಕ್ಕೆ ನೋಡುತ್ತ. ನಲವತ್ತೇಳು ಅಪ್ಪನ ಮೊಣಕೈ ಸವರುವಷ್ಟು ಹತ್ತಿರದಿಂದ ಹೋದ. ಎಲ್ಲರೂ ಅವನನ್ನು ನೋಡಿದರು. ಅಪ್ಪನೊಬ್ಬನೇ ತಲೆ ಮೇಲೆತ್ತಿ ನಿಂತಿದ್ದ.

ಪ್ರಸಾರ ಅರ್ಧ ನಿಮಿಷ ಹಿಂದಿತ್ತು. ಅಪ್ಪ, ಮಗಳು ಓಡಿ ಕುರ್ಚಿಯವರ ಫೋನಿಗೆ ಬಗ್ಗಿದರು. ಬೇರೊಂದು ತಿರುವು ಬಂತು. ಮರಗಳು. ಹಿಂದುಳಿದವರ ಗುಂಪು. ಚಿಕ್ಕವಳು ಅಪ್ಪನ ತೋಳು ಹಿಡಿದಳು. ಆಮೇಲೆ ಮೇಲಿನಿಂದ ಅವರ ತಿರುವು. ಪರದೆಯಲ್ಲಿ ಅಕ್ಷರಗಳು ನೆಟ್ಟಗಿದ್ದವು, ಎರಡೂ ಸಾಲು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು.

"ಬಂತು," ಎಂದಳು ಚಿಕ್ಕವಳು.

ಅಪ್ಪ ರಸ್ತೆಯ ಪಕ್ಕ ನಿಲ್ಲಿಸಿದ್ದ ತನ್ನ ವ್ಯಾನಿಗೆ ಹೋಗಿ ಅದರ ಮೆಟ್ಟಿಲ ಮೇಲೆ ಕೂತ. ಬಣ್ಣ ಮೆತ್ತಿದ ಅಂಗೈಯಲ್ಲಿ ತನ್ನ ಹಳೆಯ ಫೋನ್ ಇಟ್ಟುಕೊಂಡ.

ಸಂಜೆಯ ಹೊತ್ತಿಗೆ ಜನ ಕರಗಿದರು. ಕುರ್ಚಿಯವರು ಬಂದು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಗುರಿಗೆ ಇನ್ನೊಂದು ಕಿಲೋಮೀಟರ್ ಇರೋವಾಗ ಹಿಂದಿನವರು ಹಿಡಿದುಬಿಟ್ರು."

"ಯಾರನ್ನ?" ಎಂದ ಅಪ್ಪ, ಫೋನಿನಿಂದ ಕಣ್ಣು ತೆಗೆಯದೆ. ಪರದೆ ಕಪ್ಪಗಿತ್ತು.

ಕುರ್ಚಿಯವರು ಕುರ್ಚಿ ಮಡಚಿ, ಮೇಲುಗಡೆಯಿಂದ ಸುತ್ತಿ ಹೋಗುವಾಗ, ಇಡೀ ದಿನ ತಾವು ಮೇಲೆ ಕೂತಿದ್ದ ಸಾಲನ್ನು ಮೊದಲ ಸಲ ಓದಿದರು:

ಗುಬ್ಬಿ, ಮನೆಗೊಂದು ಫೋನ್ ಮಾಡು ಮಗಳೇ. ಅಪ್ಪ.