ಒಬ್ಬರು ಬೇಕಾಗಿದ್ದಾರೆ

ಹತ್ತು ತಿಂಗಳ ಮೇಲೆ ಪೇಂಟರು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ 'ಬೇಕಾಗಿದ್ದಾರೆ' ಎಂದು ಬರೆದರು. ಕೈಗೆ ಆ ಮಾತೇ ಮರೆತುಹೋದಂತಾಗಿ ಮೊದಲು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳಬೇಕಾಯಿತು. ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ಅವರು ಬರೆದದ್ದೆಲ್ಲ 'ಬಾಡಿಗೆಗೆ ಇದೆ', 'ಮಾರಾಟಕ್ಕಿದೆ', ಅದೂ ಸಾಲದೆಂದು 'ಕೆಲಸ ಖಾಲಿ ಇಲ್ಲ, ಕೇಳಬೇಡಿ'. ಈ ಕೊನೆಯದನ್ನೇ ಹನ್ನೊಂದು ಬರೆದಿದ್ದರು. ಊರಿನಲ್ಲಿ ಎಷ್ಟು ಜನಕ್ಕೆ ಕೆಲಸವಿಲ್ಲ ಎಂದು ಸರ್ಕಾರಿ ಕಚೇರಿಯವರು ಅಂಕಿ ಅಂಶ ಕೂಡಿಸಿ ಹೇಳುವಷ್ಟರಲ್ಲಿ ಪೇಂಟರಿಗೆ ಅದು ಹಳೇ ಸುದ್ದಿ.

ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯವರು ಹೇಳಿಕಳಿಸಿದ್ದರು: 'ಯಂತ್ರ ನೋಡಿಕೊಳ್ಳಲು ಅನುಭವವಿರುವ ಒಬ್ಬರು ಬೇಕಾಗಿದ್ದಾರೆ.' ನಾಳೆ ಹತ್ತು ಗಂಟೆಗೆ ಗೇಟಿಗೆ ತೂಗು ಹಾಕಬೇಕು. ಹತ್ತೂವರೆಗೆ ಆ ಗೇಟಿನ ಮುಂದೆ ಅರ್ಧ ಊರೇ ನಿಂತಿರುತ್ತದೆಂದು ಪೇಂಟರಿಗೆ ಗೊತ್ತು.

ಯಂತ್ರ ಬಲ್ಲವನೊಬ್ಬ ಅವರ ಮನೆಯಲ್ಲೇ ಇದ್ದ. ಅಳಿಯ. ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದವನು, ನಾಲ್ಕು ತಿಂಗಳಿಂದ ಹೆಂಡತಿಯೊಡನೆ ಮಾವನ ಮನೆ ಸೇರಿದ್ದ. ಮನೆ ಅಳಿಯ ಎಂಬ ಮಾತನ್ನು ಯಾರೂ ಆಡಿರಲಿಲ್ಲ. ಅವನೇ ಅದನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತಿದ್ದ. ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಈ ವಾರದೊಳಗೆ ಕೆಲಸ ಸಿಗದಿದ್ದರೆ ದೂರದ ಬಂದರಿಗೆ ಮೂಟೆ ಹೊರಲು ಹೊರಡುತ್ತೇನೆಂದು ಹೇಳಿಯೂ ಆಗಿತ್ತು. ಮಗಳು ಆಗ ಏಳು ತಿಂಗಳು ತುಂಬಿದ ಬಸುರಿ. ಪೇಂಟರು ಹಿಂದೊಮ್ಮೆ, "ನಾನೊಂದು ಮಾತು ಹೇಳಿ ನೋಡ್ಲಾ?" ಎಂದದ್ದಕ್ಕೆ, "ನಿಮ್ಮ ಶಿಫಾರಸಿನಿಂದ ಬರೋ ಕೆಲಸ ನನಗೆ ಬೇಡ ಮಾವ," ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಹಾಗಾಗಿ ಪೇಂಟರು ತುಟಿ ಬಿಚ್ಚಲಿಲ್ಲ. ಬರೆದು ಮುಗಿಸಿದ ಬೋರ್ಡನ್ನು ಒಣಗಲೆಂದು ಊಟದ ಕೋಣೆಗೆ ತಂದು, ಅಳಿಯ ಕೂರುವ ಜಾಗಕ್ಕೆ ನೇರ ಎದುರಾಗಿ ಗೋಡೆಗೆ ಒರಗಿಸಿದರು.

"ಅಪ್ಪಾ, ಊಟದ ಹೊತ್ತಲ್ಲಿ ಇದೇನು ಬಣ್ಣದ ವಾಸನೆ?" ಎಂದಳು ಮಗಳು.

"ಒಂದು ರಾತ್ರಿ ಇರ್ಲಿ ಬಿಡಮ್ಮ."

ಅಳಿಯ ತಲೆ ಬಗ್ಗಿಸಿ ಉಂಡ, ಕೈ ತೊಳೆದ, ಒಳಗೆ ಹೋದ. ಬೋರ್ಡು ನೋಡಿದನೋ ಇಲ್ಲವೋ ದೇವರೇ ಬಲ್ಲ.

ಬೆಳಿಗ್ಗೆ ಪೇಂಟರು ಏಳುವಷ್ಟರಲ್ಲಿ ಅವನಿರಲಿಲ್ಲ.

"ಏನೂ ಹೇಳ್ಲಿಲ್ಲಪ್ಪ. ಚೀಲ ತಗೊಂಡು ಹೋದ್ರು," ಎಂದಳು ಮಗಳು. ಕಣ್ಣು ಆಗಲೇ ತುಂಬಿತ್ತು.

ಬಂದರಿಗೇ ಹೊರಟ ಎಂದುಕೊಂಡರು ಪೇಂಟರು. ಚೀಲ ಎಂದ ಮೇಲೆ ಬಸ್ ನಿಲ್ದಾಣವೇ. ನೇರವಾಗಿ ಎರಡು ಮಾತು ಆಡುವುದು ಬಿಟ್ಟು, ಈ ವಯಸ್ಸಿನಲ್ಲಿ ಗೋಡೆಗೆ ಬೋರ್ಡು ಒರಗಿಸುವ ಬುದ್ಧಿವಂತಿಕೆ ಯಾಕೆ ಬೇಕಿತ್ತು ಎಂದು ತಮ್ಮನ್ನೇ ಬೈದುಕೊಂಡರು. ಒಂಬತ್ತು ಗಂಟೆಗೆ ಬೋರ್ಡನ್ನು ಸೈಕಲ್ಲಿಗೆ ಕಟ್ಟುತ್ತಿರುವಾಗ ಫೋನ್ ಬಂತು. ಲಾಂಡ್ರಿಯ ಯಜಮಾನರು.

"ಬೋರ್ಡ್ ತರಬೇಡಿ ಪೇಂಟರೇ. ಬೇಡ ಈಗ."

ಅದೂ ಹೋಯಿತು ಎಂದುಕೊಂಡರು ಪೇಂಟರು. "ಯಾಕೆ ಸಾರ್, ಕೆಲಸ ಇಲ್ವಾ?"

"ಕೆಲಸಕ್ಕೆ ಜನ ಸಿಕ್ಕಾಯ್ತು ರೀ! ಬೆಳಿಗ್ಗೆ ಆರಕ್ಕೆ ಗೇಟ್ ತೆಗೆದ್ರೆ ಒಬ್ಬ ನಿಂತಿದ್ದಾನೆ, ಚೀಲದಲ್ಲಿ ಸ್ಪ್ಯಾನರ್ ಸಮೇತ. ಕೆಟ್ಟು ನಿಂತಿದ್ದ ಮಷೀನನ್ನ ಅರ್ಧ ಗಂಟೇಲಿ ಓಡಿಸಿ ತೋರಿಸ್ದ. ಕೆಲಸ ಖಾಲಿ ಇದೆ ಅಂತ ಯಾರಪ್ಪ ಹೇಳಿದ್ದು ಅಂದ್ರೆ, ಬೋರ್ಡ್ ನೋಡಿ ಬಂದೆ ಅಂತಾನೆ! ಹಾಕದೇ ಇರೋ ಬೋರ್ಡ್ ಓದ್ಕೊಂಡು ಬಂದವನನ್ನ ಇವತ್ತೇ ನೋಡಿದ್ದು ನಾನು."

ಪೇಂಟರು ಸೈಕಲ್ಲನ್ನು ಕೈಬಿಟ್ಟರು. ಅದು ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. "ಬಂದರಿಗಲ್ಲ ಕಣಮ್ಮ, ಲಾಂಡ್ರಿಗೆ!" ಎಂದು ಒಳಗೆ ಕೂಗಿದರು. ಮಗಳು ಬಾಗಿಲು ಹಿಡಿದು ನಿಂತು ಅತ್ತಳು, ಅಳುತ್ತಲೇ ನಕ್ಕಳು. ಎದೆಯ ಮೇಲಿನ ಚಪ್ಪಡಿ ಕಲ್ಲು ಇಳಿದಂತಾಗಿ ಪೇಂಟರಿಗೆ ಒಮ್ಮೆಲೇ ಹಸಿವಾಯಿತು. ಮಗಳು ತಿಂಡಿಯನ್ನು ಮೂರು ಸಲ ಬಡಿಸಿದಳು.

ತಗಡು ದಂಡವಾಗಬಾರದೆಂದು ಆಮೇಲೆ ಬಿಳಿ ಬಣ್ಣದ ಡಬ್ಬಿ ತೆಗೆದು ಬಾಗಿಲ ಮುಂದೆ ಅಳಿಸಲು ಕೂತರು. ಬಂದ ಆರ್ಡರು ಕೈತಪ್ಪಿದ್ದಕ್ಕೆ ಹಾಡು ಗುನುಗಿದ ಪೇಂಟರು ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಅಷ್ಟರಲ್ಲಿ ಬೀದಿಯಲ್ಲಿ ಗೋಂದು ಬಂದ. ಕಾರ್ಖಾನೆಯಲ್ಲಿ ಅಳಿಯನ ಪಕ್ಕದ ಯಂತ್ರದಲ್ಲಿ ಪೆಟ್ಟಿಗೆಗಳಿಗೆ ಗೋಂದು ಹಚ್ಚುತ್ತಿದ್ದವನು. ಹೆಸರು ಅಂಟಿಕೊಂಡಿತ್ತು, ಕೆಲಸ ಕಿತ್ತುಕೊಂಡು ಹೋಗಿತ್ತು.

"ಏನು ಯಜಮಾನ್ರೇ, ಹೊಸ ಬೋರ್ಡಾ?"

"ಹಳೇದಪ್ಪ. ಅಳಿಸ್ತಾ ಇದೀನಿ." ಪೇಂಟರ ಕುಂಚ ಚುರುಕಾಯಿತು.

ಆದರೆ ಕೆಂಪು ಒಂದೇ ಬಳಿತಕ್ಕೆ ಮುಚ್ಚುವ ಬಣ್ಣವಲ್ಲ. ಬಿಳಿಯ ಅಡಿಯಿಂದ ತೆಳ್ಳಗೆ ಎದ್ದು ಬರುತ್ತಿದ್ದ ಸಾಲನ್ನು ಗೋಂದು ನಿಂತು ಕೊನೆಯವರೆಗೂ ಓದಿದ. ಪೇಂಟರು ತಲೆ ಎತ್ತಲಿಲ್ಲ.

"ನಮ್ಮವನು ನಸುಕಿನಲ್ಲೇ ಚೀಲ ಹಿಡ್ಕೊಂಡು ಹೊರಟಿದ್ದನ್ನ ನೋಡ್ದೆ. ಅವನಿಗೇ ಸಿಕ್ತಾ?"

"ಹೂಂ."

"ಒಳ್ಳೇದಾಯ್ತು ಬಿಡಿ. ಅವನೂ ಊರು ಬಿಟ್ಟಿದ್ರೆ ನನಗಿದ್ದ ಧೈರ್ಯನೂ ಹೋಗ್ತಿತ್ತು." ಮನಸಾರೆ ಹೇಳಿದ ಮಾತು ಅದು, ಪೇಂಟರಿಗೆ ಕೇಳಿದೊಡನೆ ತಿಳಿಯಿತು, ಅದಕ್ಕೇ ನಾಚಿಕೆಯಾಯಿತು.

ನಾಲ್ಕು ಹೆಜ್ಜೆ ಹೋದ ಗೋಂದು ತಿರುಗಿ ನಿಂತ.

"ಮುಂದಿನ ಬೋರ್ಡನ್ನ ಒಣಗೋಕೆ ಹೊರಗಿಡಿ ಯಜಮಾನ್ರೇ. ನಾನೂ ಬೇಗ ಏಳ್ತೀನಿ."