ತೆನೆಯ ಪಕ್ಕದ ರುಮಾಲು

ಹೊಸ ಜೋಳದ ತೆನೆಯ ವಾಸನೆ ಬಂದರೆ ಇಂದಿಗೂ ಜಕ್ಕಲಿಯ ನಮ್ಮ ಪಡಸಾಲೆ ನೆನಪಾಗುತ್ತದೆ.

ಚಳಿಗಾಲದ ಮೊದಲ ತೆನೆಗಳನ್ನು ತೊಲೆಗೆ ಕಟ್ಟಿ, ಗುಬ್ಬಿ ತಿಂದ ಮೇಲೆಯೇ ನಾವು ಹೊಸ ಜೋಳದ ರೊಟ್ಟಿ ತಿನ್ನುತ್ತಿದ್ದೆವು. ಬಂದ ಗುಬ್ಬಿಗೊಂದರಂತೆ ನಾನು ಗೋಡೆಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದೆ. ಅಜ್ಜ ತೀರಿಕೊಂಡ ವರ್ಷ, ತೆನೆ ಕಟ್ಟಿದ ಮರುದಿನ ಮಧ್ಯಾಹ್ನವಾದರೂ ಒಂದು ಗೆರೆಯೂ ಬಿದ್ದಿರಲಿಲ್ಲ.

“ಅತ್ತಿ, ನಿನ್ನೆಯಿಂದ ಏನೂ ಉಂಡಿಲ್ರಿ. ಒಂದು ತುತ್ತರ ಉಣ್ರಿ,” ಎಂದಳು ಅವ್ವ.

“ಗುಬ್ಬಿ ಉಣ್ಣಲಿ ತಡಿ,” ಎಂದಳು ಅಜ್ಜಿ.

ತೆನೆಯ ಪಕ್ಕದ ಗೂಟದಲ್ಲಿ, ಯಾರೂ ಮುಟ್ಟದೆ ಬಿಟ್ಟಿದ್ದ ಅಜ್ಜನ ಕೆಂಪು ರುಮಾಲು ಗಾಳಿಗೆ ಹಾರಾಡುತ್ತಿತ್ತು.

“ಗುಬ್ಬಿ ಅಜ್ಜನ ರುಮಾಲಿಗೆ ಅಂಜತಾವ, ನೋಡಜ್ಜಿ,” ಎಂದೆ. ಅವ್ವ ನನ್ನ ತೋಳು ಚಿವುಟಿದಳು.

ಅಜ್ಜಿ ಎದ್ದು ರುಮಾಲು ಇಳಿಸಿ, ನಿಧಾನವಾಗಿ ಮಡಚಿ ಮಡಿಲಲ್ಲಿಟ್ಟುಕೊಂಡಳು.

“ಇದ್ದಾಗೂ ಹಿಂಗ, ಎಲ್ಲಾರನ್ನೂ ಅಂಜಸತಿದ್ರು.”

ಒಂದು ಗುಬ್ಬಿ ಬಂದು ತೆನೆಗೆ ಜೋತುಬಿತ್ತು. ನಾನು ಇದ್ದಿಲು ಹುಡುಕುವಷ್ಟರಲ್ಲಿ ಅಜ್ಜಿ ಅವ್ವನತ್ತ ತಿರುಗಿ, “ರೊಟ್ಟಿ ತಾರವ್ವಾ,” ಎಂದಳು.